ನೇರ ಗೀರಿನ ಓ

ಟಕೊರಾಡಿ ಬಂದರಿನ ಕೋಕೋ ಗೋದಾಮಿನಿಂದ ಎಬೋ ಕ್ರೆಂಟ್ಸಿಲ್ ನಿವೃತ್ತನಾಗಿ ಎರಡು ವರ್ಷವಾಗಿತ್ತು. ಆದರೂ ದಿನವೂ ಬೆಳಿಗ್ಗೆ ಏಳಕ್ಕೆ ಅಲ್ಲಿಗೇ ಕೆಲಸಕ್ಕೆ ಬರುತ್ತಿದ್ದ. ಮೂಟೆಗಳ ಮೇಲೆ ಅಕ್ಷರ ಬಳಿಯಲು ಬೇಕಾದ ಸ್ಟೆನ್ಸಿಲ್ ತಗಡು ಕೊರೆಯುವವನು ಅವನೊಬ್ಬನೇ. ಪಿಂಚಣಿ ಕಡತಕ್ಕೆ ಮ್ಯಾನೇಜರ್ ಅಮಿಸ್ಸಾನ ರುಜು ಬೇಕು. ರುಜು ಬೀಳಬೇಕಾದರೆ ಎಬೋ ತನ್ನ ಕೆಲಸವನ್ನು ಬಲ್ಲವರೊಬ್ಬರಿಗೆ ವಹಿಸಬೇಕು. ಬಲ್ಲವರು ಯಾರೂ ಇಲ್ಲ. ಹಾಗಾಗಿ ಕಡತ ಅಮಿಸ್ಸಾನ ಮೇಜಿನ ಖಾನೆಯಲ್ಲಿ, ಬಿಸ್ಕತ್ತಿನ ಪೊಟ್ಟಣದ ಕೆಳಗೆ ಸುಖವಾಗಿ ಮಲಗಿತ್ತು.

ಕಲಿಸದೆ ಬಿಟ್ಟಿರಲಿಲ್ಲ. ತಗಡಿನಲ್ಲಿ ಇಂಗ್ಲಿಷಿನ ಓ ಕೊರೆದರೆ ಅದರ ನಡುತುಂಡು ಗಾಳಿಯಲ್ಲಿ ನಿಲ್ಲುವುದಿಲ್ಲ. ಮೇಲೊಂದು ಕೆಳಗೊಂದು ಕೊಂಡಿ ಉಳಿಸಿ ಕೊರೆಯಬೇಕು. ಮರೆತರೆ ನಡು ಕಳಚಿ ಬೀಳುತ್ತದೆ, ಮೂಟೆಯ ಮೇಲೆ ಅಕ್ಷರದ ಬದಲು ಕರಿ ಬಿಲ್ಲೆ ಮೂಡುತ್ತದೆ. ಕಲಿಯಲು ಬಂದ ಮೂವರೂ ಮರೆತರು. ಕೈಲಾಗದವರೆಂದು ಮೂವರಿಗೂ ಬೇರೆ ಊರಿಗೆ ವರ್ಗವಾಯಿತು.

ಈ ಸಲ ಎಬೋಗೆ ಅವಸರವಿತ್ತು. ಹುಟ್ಟೂರು ಶಾಮಾದಲ್ಲಿ ಸೋದರಳಿಯ ಜೋಜೋ ಹೊಸ ದೋಣಿ ಮಾಡಿಸಿದ್ದ. ಮುಂದಿನ ತಿಂಗಳ ಕೊನೆಯ ಮಂಗಳವಾರ, ಯಾರೂ ಕಡಲಿಗಿಳಿಯದ ದಿನ, ಅದರ ಮೈಮೇಲೆ ಹೆಸರು ಬರೆಯಬೇಕು.

"ವೋಫಾ, ನೀನೇ ಬರೀಬೇಕು. ಬಂದೋನು ಇಲ್ಲೇ ಇದ್ಬಿಡು. ಇನ್ನೆಷ್ಟು ವರ್ಷ ಆ ಮೂಟೆಗಳ ಸೇವೆ?" ಎಂದಿದ್ದ ಜೋಜೋ. ಸೋದರಮಾವನಿಗೆ ಅವರ ಮಾತಿನಲ್ಲಿ ವೋಫಾ.

ನಲವತ್ತು ವರ್ಷ ತುಂಡು ತುಂಡು ಅಕ್ಷರಗಳನ್ನೇ ಕೊರೆದ ಎಬೋಗೆ, ಕುಂಚ ಎತ್ತದೆ ಒಂದೇ ಸುತ್ತಿಗೆ ದುಂಡನೆಯ ಓ ಬರೆಯುವ ಆಸೆ.

ಆ ಆಸೆಯಿಂದಲೇ ಅವನು ಯಾರು ಬೇಕಾದರೂ ಕಲಿಯಬಲ್ಲ ಹೊಸದೊಂದು ಅಕ್ಷರಮಾಲೆ ಕಟ್ಟಿದ. ಅದರಲ್ಲಿ ಬಳುಕೆಂಬುದಿಲ್ಲ, ಎಲ್ಲ ನೇರ ಗೀರು. ಗೀರಿನ ದಪ್ಪ ಎರಡು ಬೆರಳು, ಕೊಂಡಿಯ ಅಗಲ ಒಂದು ಬೆರಳು. ಓ ಎಂದರೆ ಮೂಲೆ ಸವರಿದ ಚೌಕ, ನಡುವೆ ಸೀಳಿದ್ದು. ಹಡಗಿನ ಗುಮಾಸ್ತರು ಕನ್ನಡಕ ತೆಗೆದೇ ಓದಿದರು. ನೋಟಕ್ಕೆ ಅಂಥ ಚೆಲುವಲ್ಲ, ಎತ್ತಿನ ಹೆಗಲಿನಂಥ ಅಕ್ಷರ. ಆದರೆ ಯಾರು ಕೊರೆದರೂ ಒಂದೇ ರೂಪ. ಎಬೋಗೆ ಬೇಕಾಗಿದ್ದು ಅದೇ.

ಕಲಿಯಲು ಬಂದವಳು ಆಬಾ ಎಯ್ಸನ್, ತೂಕದ ಕಟ್ಟೆಯ ಗುಮಾಸ್ತೆ. ಮಕ್ಕಳಿಬ್ಬರು ಕೇಪ್ ಕೋಸ್ಟಿನಲ್ಲಿ ಅವಳ ತಾಯಿಯ ಬಳಿ ಇದ್ದರು. ಗೋದಾಮಿನ ಎಲ್ಲರಂತೆ ಅವಳೂ ಎಬೋನನ್ನು ಎಗ್ಯಾ, ಅಂದರೆ ಅಪ್ಪ, ಎಂದೇ ಕರೆಯುತ್ತಿದ್ದಳು. ಮೂರು ವಾರವಾದರೂ ಅವಳ ಓ ನಿಲ್ಲಲಿಲ್ಲ.

"ಎಗ್ಯಾ, ಮತ್ತೆ ಬಿತ್ತು."

"ಬೀಳೋದಕ್ಕೆ ಸಾಧ್ಯಾನೇ ಇಲ್ಲ ಕಣಮ್ಮಾ! ಇದನ್ನ ಬೀಳಿಸ್ಬೇಕು ಅಂದ್ರೆ ಸುತ್ತಿಗೆ ತಗೋಬೇಕು."

"ನನ್ನ ಕೈಯೇ ಹಂಗೆ, ಏನ್ಮಾಡ್ಲಿ?"

ಅಮಿಸ್ಸಾ ಬಾಗಿಲಲ್ಲಿ ನಿಂತು ನಗುತ್ತಿದ್ದ. "ಏನ್ ಎಗ್ಯಾ, ಮಗೂನೂ ಕೊರೀಬಹುದು ಅಂದಿದ್ರಿ. ಮಗು ಯಾವಾಗ ಬರುತ್ತೆ?"

ಶುಕ್ರವಾರ ಮಧ್ಯಾಹ್ನ ಊಟಕ್ಕೆ ಜೋಳದ ಕೆಂಕಿ ತಿನ್ನಲು ಹೊರಟ ಎಬೋ ಕನ್ನಡಕ ಮರೆತು ಹಿಂದಿರುಗಿದ. ಆಬಾ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದಳು. ಚೂರಿ ಬೆಣ್ಣೆಯಲ್ಲಿ ಓಡುವಂತೆ ಓಡುತ್ತಿತ್ತು. ತಗಡಿನ ಮೇಲೆ COCOA ಎಂಬ ಹೆಸರಿನ ಐದೂ ಇಂಗ್ಲಿಷ್ ಅಕ್ಷರಗಳು, ಎರಡು ಓಗಳೂ ಸೇರಿ, ಇಡಿಯಾಗಿ ನಿಂತಿದ್ದವು.

"ಎಷ್ಟು ದಿನದಿಂದ ಬರುತ್ತೆ ನಿಂಗೆ?"

ಅವಳು ಬೆಚ್ಚಿದಳು. ಸುಳ್ಳು ಹೇಳುವ ಹೊತ್ತು ಮೀರಿತ್ತು. "ಎರಡನೇ ದಿನದಿಂದ."

"ಮತ್ಯಾಕಮ್ಮಾ ಈ ನಾಟಕ?"

"ಕೋಪ ಮಾಡ್ಕೋಬೇಡಿ. ಈ ಶೆಡ್ಡಲ್ಲಿ ಕೊರೆಯೋಕೆ ಬರುತ್ತೆ ಅಂತ ಗೊತ್ತಾದೋರು ಯಾರು ಆಚೆ ಹೋಗಿದಾರೆ? ನಿಮ್ಮನ್ನ ನೋಡಿಯೇ ಎಲ್ರೂ ಕಲೀದೇ ಇರೋದು. ಆ ಮೂವರಿಗೂ ಬರ್ತಿತ್ತು."

"ಮೂವರಿಗೂ?"

"ಅವರಲ್ಲಿ ಕ್ವಾಂಸಾ ಅಂತೂ ನಿಮಗಿಂತ ಚೆನ್ನಾಗಿ ಕೊರೀತಿದ್ನಂತೆ."

ಉಳಿದೆಲ್ಲಕ್ಕಿಂತ ಈ ಮಾತು ಎಬೋಗೆ ಹೆಚ್ಚು ನಾಟಿತು. ಸಾವರಿಸಿಕೊಂಡು ಕೇಳಿದ: "ಇವತ್ತು ಮತ್ಯಾಕೆ ಕೊರೆದೆ?"

"ನಿಮ್ಮ ಅಕ್ಷರ ಚೆನ್ನಾಗಿದೆ ಎಗ್ಯಾ. ಕೈ ಸುಮ್ನಿರಲ್ಲ. ನೀವು ಊಟಕ್ಕೆ ಹೋದಾಗ ಕೊರೀತೀನಿ, ಆಮೇಲೆ ಮುರಿದು ಹಾಕ್ತೀನಿ." ಅವಳು ತಗಡನ್ನು ಅವನತ್ತ ತಳ್ಳಿದಳು. "ಸೋಮವಾರ ನನ್ನ ವರ್ಗದ ಕಾಗದ ಬರುತ್ತೆ, ಕೇಪ್ ಕೋಸ್ಟಿಗೆ. ನೀವು ಇದನ್ನ ತೋರಿಸಿದ್ರೆ ಬರಲ್ಲ. ತೋರಿಸ್ಬೇಡಿ ಅಂತ ಹೇಳೋಕೆ ನನಗೆ ಬಾಯಿಲ್ಲ."

ಎಬೋ ತಗಡನ್ನು ಬೆಳಕಿಗೆ ಹಿಡಿದ. ತನ್ನ ಕೊರೆತಕ್ಕೂ ಅವಳದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಹುಡುಕಿದ, ಸಿಗಲಿಲ್ಲ. ಸಿಗದಿರಲೆಂದೇ ತಾನು ಆ ಅಕ್ಷರಮಾಲೆ ಕಟ್ಟಿದ್ದು.

ಹಲ್ಲುಕಡ್ಡಿ ಕಚ್ಚಿಕೊಂಡು ಅಮಿಸ್ಸಾ ಒಳಗೆ ಬಂದ. ತಗಡು ನೋಡಿ ಹುಬ್ಬೇರಿಸಿದ. "ಆಹಾ! ಯಾರದಿದು?"

ಅವಳ ಹೆಸರು ಹೇಳಿದರೆ ಸಾಕು, ಬರುವ ಮಂಗಳವಾರ ಎಬೋ ಶಾಮಾದ ಮರಳಿನ ಮೇಲೆ ಇರುತ್ತಾನೆ. ಆಬಾ ತಲೆಯೆತ್ತಲಿಲ್ಲ. ಬೆರಳಿಗಂಟಿದ ತಗಡಿನ ಪುಡಿಯನ್ನು ಲಂಗದ ಮಡಿಕೆಯಲ್ಲಿ ಒರೆಸಿಕೊಳ್ಳುತ್ತಿದ್ದಳು.

"ನಂದೇ," ಎಂದ ಎಬೋ.

"ಅದೇ ಅಂದ್ಕೊಂಡೆ. ಈಯಮ್ಮನ ಕೈಲಿ ಎಲ್ಲಾಗುತ್ತೆ! ಸರಿ, ಇನ್ನೊಂದು ವರ್ಷ ಕೆಲಸ ಮಾಡೋ ಕಾಗದಕ್ಕೆ ರುಜು ಹಾಕ್ಬಿಡಿ. ಬೇರೆ ಯಾರನ್ನಾದ್ರೂ ಕಳಿಸ್ತೀನಿ."

ರುಜು ಹಾಕಿ ಹೊರಗೆ ಬಂದ ಎಬೋ ಜೋಜೋಗೆ ಫೋನ್ ಮಾಡಿದ. "ಸೆಕೊಂಡಿಯ ಪೇಂಟರನ್ನ ಕರೆಸ್ಕೋ."

"ಅವನ ಅಕ್ಷರ ಒಂದು ಕಡೆ ವಾಲುತ್ತಲ್ಲ ವೋಫಾ!"

"ವಾಲ್ಲಿ ಬಿಡೋ. ದೋಣಿ ಏನು ನೆಟ್ಟಗೆ ನಿಂತಿರುತ್ತಾ?"