ಔಷಧಿ ಹೊಡೆಯದ ಸಾಲು

ನನ್ನ ತಮ್ಮ ಕದಿರೇಶ ಏನು ಓದಿದ್ದಾನೆ ಎಂದು ಯಾರಾದರೂ ಕೇಳಿದರೆ ಅಮ್ಮ ಎಮ್ಮೆಯ ನೆಪ ಹೇಳಿ ಎದ್ದುಬಿಡುತ್ತಿದ್ದಳು. "ಎಮ್ಮೆ ಕಟ್ಬೇಕು, ಬರ್ತೀನಿ." ನಮ್ಮ ಎಮ್ಮೆಯಷ್ಟು ಸಲ ಕಟ್ಟಿಸಿಕೊಂಡ ಎಮ್ಮೆ ಇಡೀ ಗೌನಿಪಲ್ಲಿಯಲ್ಲಿ ಇರಲಿಲ್ಲ. ಪಾಪ, ತಪ್ಪು ಅವಳದಲ್ಲ. ಕೇಳಿದಾಗಲೆಲ್ಲ ಈ ಮಹಾರಾಯ ಇಂಗ್ಲಿಷಿನಲ್ಲಿ ಉದ್ದದ ಹೆಸರೊಂದನ್ನು ಹೇಳಿ ಕನ್ನಡಕ ಒರೆಸಿಕೊಳ್ಳುತ್ತಿದ್ದ. ಅದನ್ನು ಅವಳು ಊರಿಗೆ ಹೇಗೆ ಹೇಳಿಯಾಳು?

ಬೆಂಗಳೂರಿನಲ್ಲಿ ಪಿಎಚ್‌.ಡಿ. ಮುಗಿಸಿ ಬಂದವನು ಕೋಲಾರದ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಲೆಕ್ಚರರ್ ಆಗಿದ್ದ. ಬೇಸಿಗೆ ಬಂದರೆ ಮನೆಗೆ ಕಳಿಸುವುದು, ಮಳೆಗಾಲಕ್ಕೆ ಮತ್ತೆ ಕರೆಯುವುದು. ಹೀಗೇ ವರ್ಷಗಳು ಹೋದವು. ಎಂಬತ್ಮೂರರ ಕೊನೆಗೆ ಪ್ರಿನ್ಸಿಪಾಲರು, "ಮುಂದಿನ ವರ್ಷ ಕರೆಯುವುದು ಕಷ್ಟ" ಎಂದುಬಿಟ್ಟರು. ಬೇರೆ ಕಾಲೇಜುಗಳಲ್ಲೂ ಜಾಗವಿರಲಿಲ್ಲ. ಔಷಧಿ ಕಂಪನಿ, ಬೀಜದ ಕಂಪನಿ ಎಂದು ಅರ್ಜಿ ಹಾಕಲು ಶುರುಮಾಡಿದ. ಒಂದು ಕಡೆಯಿಂದ ಮಾತ್ರ ಉತ್ತರ ಬಂತು: ತಮ್ಮಂಥ ವಿದ್ವಾಂಸರಿಗೆ ತಕ್ಕ ಕೆಲಸ ನಮ್ಮಲ್ಲಿಲ್ಲ. ಹೊಗಳಿ ಹೊರಗಟ್ಟುವುದು ಎಂದರೆ ಇದೇ.

ಅಷ್ಟರಲ್ಲಿ ಶ್ರೀನಿವಾಸಪುರದ ಹತ್ತಿರ ಮಾವಿನ ಹಣ್ಣಿನ ರಸ ತೆಗೆಯುವ ಕಂಪನಿಯೊಂದು ಬಂತು. ತೋಪುಗಳನ್ನು ಸುತ್ತಿ ರೈತರಿಗೆ ಸಲಹೆ ಕೊಡಲು ಫೀಲ್ಡ್ ಆಫೀಸರ್ ಬೇಕಾಗಿತ್ತು. ನಾನು ಶ್ರೀನಿವಾಸಪುರದಲ್ಲೇ ಶಾಲೆಯ ಟೀಚರ್. ಪೇಪರಿನ ಜಾಹೀರಾತು ಕತ್ತರಿಸಿಕೊಂಡು ಭಾನುವಾರ ಊರಿಗೆ ಹೋದೆ. ಅವನು ತನ್ನ ಬಯೋಡೇಟಾ ತಂದು ನನ್ನ ಕೈಗೆ ಕೊಟ್ಟ. ಹನ್ನೊಂದು ಪುಟ!

"ಏನೋ ಇದು, ಪಂಚಾಂಗವಾ?" ಎಂದೆ.

"ಎಲ್ಲಾ ಬೇಕಾದದ್ದೇ ಅಕ್ಕ."

ಪ್ರಬಂಧಗಳು, ಸೆಮಿನಾರುಗಳು, ಅವನು ಕೂತಿದ್ದ ಸಮಿತಿಗಳು, ದೆಹಲಿಯಲ್ಲಿ ಓದಿದ ಲೇಖನ, ಓದಲು ಹೋಗಬೇಕೆಂದಿದ್ದು ಜ್ವರ ಬಂದು ಹೋಗದೆ ಉಳಿದ ಇನ್ನೊಂದು ಲೇಖನ. ಕೊನೆಯಲ್ಲಿ ಮೂವರು ಪ್ರೊಫೆಸರುಗಳ ಹೆಸರು, ವಿಚಾರಿಸಬೇಕಾದರೆ ಇವರನ್ನು ಕೇಳಿ ಎಂದು. ಇಷ್ಟರಲ್ಲಿ ಮಾವು ಎಂಬ ಮಾತು ಎಲ್ಲಿದೆ ಎಂದು ನಾನು ಹುಡುಕಬೇಕಾಯಿತು. ಆರನೇ ಪುಟದಲ್ಲಿ ಸಿಕ್ಕಿತು, ಅದೂ ಲ್ಯಾಟಿನ್ನಿನಲ್ಲಿ.

"ಒಂದು ಪುಟಕ್ಕೆ ಇಳಿಸು," ಎಂದೆ.

ಅವನ ಮುಖ ನೋಡಬೇಕಿತ್ತು. ಯಾವ ಸಾಲಿಗೆ ಪೆನ್ನು ಇಟ್ಟರೂ, "ಅದಕ್ಕೆ ಎಷ್ಟು ಕಷ್ಟಪಟ್ಟಿದ್ದೀನಿ ಗೊತ್ತಾ?" ಎನ್ನುವನು. ಹೆತ್ತವರಿಗೆ ಹೆಗ್ಗಣ ಮುದ್ದು. ಮಧ್ಯಾಹ್ನದ ಊಟದ ಹೊತ್ತಿಗೆ ಜ್ವರದ ಲೇಖನವೊಂದನ್ನು ಬಿಟ್ಟುಕೊಟ್ಟಿದ್ದ, ಅಷ್ಟೆ. ನನಗೆ ತಲೆ ಕೆಟ್ಟುಹೋಯಿತು.

ಅಮ್ಮ ನಡುಮನೆಯಲ್ಲಿ ಕೂತು ನೆನೆಸಿದ ಅವರೆಕಾಳನ್ನು ಹಿತಕುತ್ತಿದ್ದಳು. ಬೆರಳ ನಡುವೆ ಒತ್ತಿದರೆ ಬೇಳೆ ಬಟ್ಟಲಿಗೆ, ಸಿಪ್ಪೆ ಪಕ್ಕಕ್ಕೆ.

"ಲೇ, ಇಲ್ಲಿ ಬಾ," ಎಂದೆ. "ನೀನು ಏನು ಮಾಡಿದ್ದೀಯ ಅಂತ ಅಮ್ಮಂಗೆ ಹೇಳು. ಅಮ್ಮ ಏನು ತಿರುಗಿ ಹೇಳ್ತಾಳೋ ಅದು ಉಳಿಯುತ್ತೆ. ಮಿಕ್ಕಿದ್ದು ಹೋಗುತ್ತೆ."

"ಅಮ್ಮಂಗೆ ಹೇಗೆ ಅಕ್ಕ? ಅದು ತೆಲುಗಲ್ಲಿ ಬರಲ್ಲ."

ನಮ್ಮ ಮನೆಮಾತು ತೆಲುಗು. ಊಟ, ಜಗಳ, ಮುದ್ದು ಎಲ್ಲ ಅದರಲ್ಲೇ. ಓದು ಮಾತ್ರ ಕನ್ನಡದಲ್ಲಿ ಶುರುವಾಗಿ ಇಂಗ್ಲಿಷಿಗೆ ಹೋಗಿ ಅಲ್ಲೇ ಉಳಿದಿತ್ತು. ಅವನು ತನ್ನ ಕೆಲಸದ ಬಗ್ಗೆ ಅಮ್ಮನ ಹತ್ತಿರ ಒಂದೇ ಒಂದು ಮಾತು ಆಡಿರಲಿಲ್ಲ ಎಂಬುದು ನನಗೂ ಆಗಲೇ ಹೊಳೆದದ್ದು. ಅವರಾಡಿದ್ದನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಅವನು ತಡವರಿಸುತ್ತಾ ಶುರುಮಾಡಿದ. ಮಾವಿನ ಹೂವಿಗೆ ಒಂದು ಹುಳು ಬರುತ್ತದೆ, ರಸ ಹೀರುತ್ತದೆ, ಎಲೆಯ ಮೇಲೆ ಅಂಟು ಬೀಳುತ್ತದೆ, ಆಮೇಲೆ ಮಸಿ ಹಿಡಿಯುತ್ತದೆ...

ಅಮ್ಮನ ಕೈ ನಿಂತಿತು. "ತೇನೆಮಂಚಾ?" ಎಂದಳು. ಜೇನಿನ ಮಂಜು ಎಂದು ಅರ್ಥ. ನಮ್ಮ ಕಡೆ ಆ ಜಿಗಿಹುಳುವಿನ ಕಾಟಕ್ಕೆ ಹಾಗೆ ಹೇಳುತ್ತಾರೆ. "ಇಷ್ಟು ವರ್ಷ ನೀನು ತೇನೆಮಂಚು ಓದ್ತಿದ್ಯೇನೋ? ಮೊದಲೇ ಹೇಳೋದಲ್ವಾ!"

ಆಮೇಲೆ ಅವಳು ಬಿಡಲಿಲ್ಲ. ಹುಳು ಬೇಸಿಗೆಯಲ್ಲಿ ಎಲ್ಲಿರುತ್ತೆ? ತೊಗಟೆಯ ಸಂದಿಯಲ್ಲಿ. ಹಾಗಾದರೆ ಔಷಧಿ ಬೊಡ್ಡೆಗೂ ಹೊಡೀಬೇಕಲ್ಲ? ಹೌದು, ಹೂಗೊಂಚಲು ಕಡ್ಡಿಯಾಗಿರುವಾಗಲೇ ಹೊಡೆಯಬೇಕು, ಅರಳಿದ ಮೇಲೆ ಹೊಡೆದರೆ ಜೇನ್ನೊಣವೂ ಸಾಯುತ್ತೆ, ಕಾಯಿ ಕಚ್ಚಲ್ಲ. ನಾವೆಲ್ಲ ಅರಳಿದ ಮೇಲೇ ಹೊಡೀತೀವಲ್ಲೋ? ಅದಕ್ಕೇ ಅಮ್ಮ, ಹೂವೆಲ್ಲ ಉದುರೋದು. ಮಾತಾಡುತ್ತಾ ಆಡುತ್ತಾ ಅವನ ತಡವರಿಕೆ ಎಲ್ಲಿ ಹೋಯಿತೋ! ಬೊಡ್ಡೆ ತೋರಿಸಲು ಕಂಬ ಹಿಡಿದುಕೊಂಡು ನಿಂತಿದ್ದ. ಇದನ್ನೆಲ್ಲ ನಮ್ಮೂರ ಸೊಣ್ಣಪ್ಪನವರ ಮಾವಿನ ತೋಪಿನಲ್ಲೇ ಪರೀಕ್ಷೆ ಮಾಡಿ ನೋಡಿದ್ದನಂತೆ.

"ಎಲ್ಲಿ, ಈಗ ನೀನು ಹೇಳಮ್ಮ," ಎಂದೆ.

"ಇನ್ನೇನು? ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಬೇಡಿ ಅಂತ. ಕಡ್ಡಿಯಾಗಿರೋವಾಗ ಹೊಡೀರಿ, ಬೊಡ್ಡೆಗೂ ಹೊಡೀರಿ. ಸೊಣ್ಣಪ್ಪನ ತೋಪಲ್ಲಿ ನನ್ನ ಮಗ ವರ್ಷವರ್ಷ ಮರದಿಂದ ಮರಕ್ಕೆ ಅಲೆದು ಕಂಡುಕೊಂಡಿದ್ದಾನೆ. ಅದಕ್ಕೇ ಅಲ್ವಾ ಸೊಣ್ಣಪ್ಪನ ತೋಪು ಹಂಗೆ ಕಾಯೋದು?"

ನಾನು ಅದನ್ನೇ ಬರೆದುಕೊಂಡೆ. ಪಿಎಚ್‌.ಡಿ. ಒಂದು ಸಾಲಾಗಿ ಕೆಳಗಿಳಿಯಿತು. ತೆಲುಗು, ಕನ್ನಡ, ಇಂಗ್ಲಿಷ್ ಬರುತ್ತದೆ ಎಂಬುದು ಮೇಲೆ ಹೋಯಿತು. ಪ್ರೊಫೆಸರುಗಳ ಹೆಸರಿದ್ದ ಕಡೆ, ಗೌನಿಪಲ್ಲಿಯ ಸೊಣ್ಣಪ್ಪನವರ ತೋಪನ್ನು ನೋಡಬಹುದು, ಅವರನ್ನೇ ವಿಚಾರಿಸಬಹುದು ಎಂದು ಹಾಕಿದೆ.

ಕದಿರೇಶ ಬೆಚ್ಚಿಬಿದ್ದ. "ಬೇಡ ಅಕ್ಕ! ಅವರ ಬಾಯಿ ಗೊತ್ತಲ್ಲ. ನನ್ನ ಕಂಡ್ರೆ ಬೈಯ್ದೇ ಇರೋ ದಿನ ಇಲ್ಲ."

"ಬೈದ್ರೂ ನಿಜ ಹೇಳೋ ಮನುಷ್ಯ ಕಣೋ," ಎಂದೆ. ಧೈರ್ಯವಾಗಿಯೇ ಹೇಳಿದೆ. ಮಾರನೆಯ ದಿನ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿ ನಾನೇ ಟೈಪು ಮಾಡಿ ಟಪಾಲಿಗೆ ಹಾಕಿದೆ.

ಮಾರ್ಚಿನಲ್ಲಿ ಇಂಟರ್‌ವ್ಯೂಗೆ ಕರೆ ಬಂತು. ಇಂಟರ್‌ವ್ಯೂ ದಿನ ಶನಿವಾರ, ನನಗೆ ಬೆಳಗಿನ ಶಾಲೆ. ಬಿಟ್ಟು ಹೊರಗೆ ಬರುತ್ತೇನೆ, ಗೇಟಿನ ಮುಂದೆ ಕಂಪನಿಯ ಜೀಪು. ಒಳಗೆ ಮ್ಯಾನೇಜರು, ಹಿಂದೆ ನನ್ನ ತಮ್ಮ, ಮುಖದಲ್ಲಿ ರಕ್ತವಿಲ್ಲ.

"ತೋಪು ಈಗ್ಲೇ ನೋಡ್ಬೇಕಂತೆ," ಎಂದು ಪಿಸುಗುಟ್ಟಿದ. "ನೀನೂ ಬಾ ಅಕ್ಕ. ಸೊಣ್ಣಪ್ಪನೋರ ಬಾಯಿಗೆ ನೀನೇ ಸರಿ."

ದಾರಿಯುದ್ದಕ್ಕೂ ನನಗೆ ಅದೇ ಯೋಚನೆ. ಆ ಹೆಸರು ಬರೆದವಳು ನಾನು. ಕೈಗೆ ಬಂದ ತುತ್ತು ಬಾಯಿಗೆ ಬರದೆ ಹೋದರೆ ಅವನಿಗೆ ಜುಲೈನಲ್ಲಿ ಹೋಗಲು ಕಾಲೇಜೂ ಇಲ್ಲ.

ಸೊಣ್ಣಪ್ಪ ತೋಪಿನ ಬದಿಯಲ್ಲಿ ನಿಂತಿದ್ದರು. ಜೀಪಿನಿಂದ ಕದಿರೇಶ ಇಳಿದದ್ದೇ ತಡ, ಶುರುವಾಯಿತು.

"ಬಂದ್ಯಾ? ಬಾರಪ್ಪಾ ಬಾ! ಸ್ವಾಮೀ, ನೀವು ಯಾರೋ ದೊಡ್ಡೋರು ಬಂದಿದ್ದೀರ, ನೀವೇ ನ್ಯಾಯ ಹೇಳಿ. ಆ ಸಾಲು ನೋಡಿ, ಆ ಸಾಲು!"

ನೋಡಿದೆವು. ತೋಪಿನ ಅಂಚಿನ ಒಂದು ಸಾಲು ಮರಗಳು ಮಸಿ ಬಳಿದಂತೆ ನಿಂತಿದ್ದವು. ಎಲೆಯೆಲ್ಲ ಕಪ್ಪು, ಒಣಗಿದ ಹೂಗಡ್ಡಿ, ಕಾಯಿ ಒಂದೂ ಇಲ್ಲ. ಮ್ಯಾನೇಜರು ಕದಿರೇಶನ ಕಡೆ ತಿರುಗಿದರು. ನನಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನಿಸಿತು.

"ಪ್ರತಿ ವರ್ಷ ಒಂದು ಸಾಲಿಗೆ ಔಷಧಿ ಹೊಡೀಬೇಡ ಅಂತಾನೆ, ಪಾಪಿ! ಯಾಕೋ ಅಂದ್ರೆ, ಮಿಕ್ಕಿದ್ದಕ್ಕೂ ಇದಕ್ಕೂ ಹೋಲಿಸಿ ನೋಡಬೇಕಂತೆ. ಇವನು ನೋಡೋಕೆ ನನ್ನ ಮರ ಹಾಳಾಗಬೇಕಾ?"

ಮ್ಯಾನೇಜರು ಮದರಾಸಿನ ಕಡೆಯವರು, ಕನ್ನಡ ನಿಧಾನವಾಗಿ ಆಡುವರು. "ವರ್ಷ ವರ್ಷ ಹಾಳಾದ್ರೆ, ನೀವು ಯಾಕೆ ಒಪ್ಕೊಳ್ತೀರಿ?" ಎಂದು ಕೇಳಿದರು.

ಸೊಣ್ಣಪ್ಪನವರಿಗೆ ಇಂಥ ದಡ್ಡ ಪ್ರಶ್ನೆ ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ. ಮ್ಯಾನೇಜರನ್ನು ಮೇಲಿಂದ ಕೆಳಗೆ ನೋಡಿದರು.

"ಮಿಕ್ಕ ಸಾಲು ನೋಡಿ ಸ್ವಾಮಿ."

ಮಿಕ್ಕ ಸಾಲುಗಳಲ್ಲಿ ಗೊಂಚಲು ಗೊಂಚಲು ಪೀಚುಗಾಯಿ ತೂಗುತ್ತಿದ್ದವು. ಒಂದೇ ತೋಪು, ಒಂದೇ ಮಣ್ಣು. ಮ್ಯಾನೇಜರು ಆ ಸಾಲಿನಿಂದ ಈ ಸಾಲಿಗೆ ನಡೆದರು, ಎಲೆ ತಿರುಗಿಸಿ ನೋಡಿದರು, ಆಮೇಲೆ ಗಟ್ಟಿಯಾಗಿ ನಕ್ಕುಬಿಟ್ಟರು. ಸೊಣ್ಣಪ್ಪ ನಗಲಿಲ್ಲ. "ನಗೋದಲ್ಲ, ಬರೋ ವರ್ಷ ಆ ಸಾಲಿಗೂ ಹೊಡೀಬೇಕು ಅಂತ ಇವನಿಗೆ ಹೇಳಿ," ಎಂದರು.

"ಹೇಳ್ತೀನಿ," ಎಂದರು ಮ್ಯಾನೇಜರು. "ಬರೋ ವರ್ಷ ಇವರು ನಮ್ಮ ಕಂಪನಿಯೋರು."

ಕದಿರೇಶ ಕನ್ನಡಕ ತೆಗೆದು ಒರೆಸಲು ಹೋದ. ಅದು ಕೈಜಾರಿ ಬಿತ್ತು. ನಾನು ಎತ್ತಿಕೊಡಲಿಲ್ಲ. ನನ್ನ ಕಣ್ಣೂ ಸರಿಯಾಗಿ ಕಾಣಿಸುತ್ತಿರಲಿಲ್ಲ. ಅಬ್ಬಾ ಎಂದು ಅಲ್ಲೇ ಬದುವಿನ ಮೇಲೆ ಕೂತುಬಿಟ್ಟೆ. ಮನೆಗೆ ಹೋದವನು ಚಾಪೆ ಹಾಸಿ ಮಲಗಿದ, ಮಾರನೆಯ ದಿನ ಬಿಸಿಲೇರುವವರೆಗೂ ಏಳಲಿಲ್ಲ. ಅಮ್ಮ ಎಬ್ಬಿಸಬೇಡ ಎಂದು ಬಾಗಿಲಲ್ಲೇ ಕಾವಲು ಕೂತಿದ್ದಳು. ಅವನು ಹಾಗೆ ಮಲಗಿದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ.

ಕೆಲಸಕ್ಕೆ ಸೇರಿದ ಮೇಲಿನ ಒಂದು ಭಾನುವಾರ ನಾನು ಬಸ್ಸಿಳಿದು ಮನೆಗೆ ಬರುತ್ತಿದ್ದೆ. ಬಾವಿಕಟ್ಟೆಯ ಹತ್ತಿರ ಅಮ್ಮ ಬಿಂದಿಗೆ ಕೆಳಗಿಟ್ಟು ನಿಂತಿದ್ದಳು. ಎದುರಿಗೆ ನಮ್ಮ ಪಕ್ಕದ ಮನೆಯ ದೊಡ್ಡಗಂಗಮ್ಮ. ಅಭ್ಯಾಸಬಲದಿಂದ ಕೇಳಿರಬೇಕು, ನಿನ್ನ ಮಗ ಅದೇನು ಓದಿದ್ದಾನೆ ಅಂತ. ಅಮ್ಮ ಒಂದು ಕೈಯಲ್ಲಿ ದೊಡ್ಡಗಂಗಮ್ಮನ ತೋಳು ಹಿಡಿದು, ಇನ್ನೊಂದು ಕೈಯನ್ನು ಮರದ ಬೊಡ್ಡೆ ಸವರಿದಂತೆ ಆಡಿಸುತ್ತಾ, ತೊಗಟೆಯ ಸಂದಿಯಿಂದ ಶುರುಮಾಡಿ ಹೂಗೊಂಚಲಿನ ಕಡ್ಡಿಯವರೆಗೆ ಬಂದಿದ್ದಳು. ಅಷ್ಟು ಗಟ್ಟಿ ದನಿ ಅವಳಿಗಿದೆ ಎಂದು ನನಗೆ ಗೊತ್ತಿರಲಿಲ್ಲ.

ದೊಡ್ಡಗಂಗಮ್ಮ ಮೆಲ್ಲಗೆ ತೋಳು ಬಿಡಿಸಿಕೊಳ್ಳಲು ನೋಡಿದಳು. "ಎಮ್ಮೆ ಕಟ್ಬೇಕಮ್ಮ, ಬರ್ತೀನಿ."

"ಕಟ್ಟೀವಂತೆ ಇರೇ," ಎಂದಳು ಅಮ್ಮ. "ನಾನಿನ್ನೂ ಹೂವು ಅರಳೋದಕ್ಕೇ ಬಂದಿಲ್ಲ."