ಸಮುದ್ರದ ಕಡೆಯ ಸೀಟು

ದೆಹಲಿಯ ಜನಕಪುರಿಯಿಂದ ಸೆಕ್ರೆಟೇರಿಯಟ್ಟಿಗೆ ಹೋಗುವ ನಮ್ಮ ಚಾರ್ಟರ್ಡ್ ಬಸ್ಸಿನಲ್ಲಿ ಒಂದು ಪದ್ಧತಿಯಿದೆ. ಹೆಂಗಸರು ಮುಂದೆ ಕೂತು ಸ್ವೆಟರ್ ಹೆಣೆಯಬೇಕು, ಗಂಡಸರು ಹಿಂದೆ ಕೂತು ಇಸ್ಪೀಟಾಡಬೇಕು. ನಮ್ಮ ಯಜಮಾನರು ಗುಂಡಣ್ಣ ದಿನಾ ಮೊದಲು ಹತ್ತಿ, ಕಿಟಕಿ ಪಕ್ಕದ ಸೀಟಿಗೆ ಕರವಸ್ತ್ರ ಹಾಕಿ ನನಗೆ ಜಾಗ ಹಿಡಿಯುತ್ತಾರೆ. ನಾನು ಕೂತೆನೋ ಇಲ್ಲವೋ, ಇವರು ಇಸ್ಪೀಟಿಗೆ ಹಾಜರು. ಹದಿನೆಂಟು ವರ್ಷ ಒಂದೇ ಬಸ್ಸಿನಲ್ಲಿ ಓಡಾಡಿದ್ದೇವೆ, ಒಂದು ದಿನವೂ ಪಕ್ಕ ಪಕ್ಕ ಕೂತಿಲ್ಲ. "ಲೀಲಾವತಿ ಪುಣ್ಯವಂತೆ" ಎಂದು ನನ್ನ ಪಕ್ಕ ಕೂತು ಸ್ವೆಟರ್ ಹೆಣೆಯುವ ಅಹಲ್ಯಾ ಹೊಗಳುವಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ.

ಎರಡು ಸಾವಿರದ ಐದರಲ್ಲಿ ಇವರನ್ನು ಆಫೀಸಿನವರು ಎರಡು ವಾರದ ತರಬೇತಿಗೆ ಜಪಾನಿಗೆ ಕಳಿಸಿದರು. ನಾನೂ ಗಂಟುಬಿದ್ದು ಹೊರಟೆ. ಭಾನುವಾರ ಕಾಮಾಕುರಾ ಎಂಬ ಹಳೆಯ ಊರಿಗೆ ಹೋದೆವು. ಅಲ್ಲಿ ಸಮುದ್ರದ ಅಂಚಿನಲ್ಲೇ ಓಡುವ ಪುಟ್ಟ ಲೋಕಲ್ ರೈಲೊಂದಿದೆ. ಬಯಲಿನಲ್ಲಿ ಕೂತ ದೊಡ್ಡ ಬುದ್ಧನಿಗೆ ಕೈಮುಗಿದು, ಈ ರೈಲಿನಲ್ಲಾದರೂ ಇವರು ನನ್ನ ಪಕ್ಕ ಇರಲಿ ಎಂದು ಬೇಡಿಕೊಂಡೆ.

ರೈಲು ಬಂತು. ಜನ ಸಾಲಾಗಿ ನಿಂತಿದ್ದರು.

"ನೀನು ನಿಧಾನಕ್ಕೆ ಬಾ ಲೀಲಾ, ಸೀಟು ನಾನು ನೋಡ್ಕೋತೀನಿ" ಎಂದವರೇ ಸಂದಿಯಲ್ಲಿ ನುಗ್ಗಿದರು. ಸಮುದ್ರದ ಕಡೆ ಖಾಲಿಯಿದ್ದ ಒಂದೇ ಸೀಟಿಗೆ ಕರವಸ್ತ್ರ ಹಾಕಿ, ಹಿಂದುಗಡೆ ನಡೆದೇಬಿಟ್ಟರು. ಜಪಾನಿನಲ್ಲಿ ಇವರಿಗಾಗಿ ಯಾರು ಎಲೆ ಹಂಚಿ ಕಾಯುತ್ತಿದ್ದರೋ ನಾ ಕಾಣೆ.

ಅಷ್ಟರಲ್ಲಿ ಶಾಲೆಯ ಹುಡುಗಿಯೊಬ್ಬಳು ಕರವಸ್ತ್ರ ನೋಡಿ, ಯಾರೋ ಬಿಟ್ಟುಹೋಗಿದ್ದಾರೆಂದು ಎರಡೂ ಕೈಯಲ್ಲಿ ಎತ್ತಿಕೊಂಡು ಕಂಡಕ್ಟರಿಗೆ ಒಪ್ಪಿಸಿದಳು. ಸೀಟಿನಲ್ಲಿ ಮುದುಕರೊಬ್ಬರು ಕೂತರು. ಇದು ಕಳೆದದ್ದಲ್ಲ, ಇಟ್ಟದ್ದು ಎಂದು ಇವರು ಕಂಡಕ್ಟರಿಗೆ ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ, ಕೊನೆಗೆ ಕನ್ನಡದಲ್ಲೂ ಹೇಳಿದರು. ಆತ ಬಗ್ಗಿ ನಮಸ್ಕರಿಸಿದ. ಇವರೂ ಬಗ್ಗಿದರು. ಆತ ಮತ್ತೆ ಬಗ್ಗಿದ. ಎರಡು ಸ್ಟೇಷನ್ ದಾಟಿದ ಮೇಲೆ ಇವರು ಮುಖ ಸಣ್ಣದು ಮಾಡಿಕೊಂಡು ನನ್ನ ಪಕ್ಕ ಬಂದು ನಿಂತರು.

"ಛೆ, ನಿನಗೆ ಸೀಟು ತಪ್ಪಿಹೋಯ್ತು."

"ತಪ್ಪಿದ್ದೇ ಒಳ್ಳೇದಾಯ್ತು. ಸಿಕ್ಕಿದ್ರೆ ನೀವು ಹಿಂದೆ ಹೋಗಿಬಿಡ್ತಿದ್ರಿ."

"ನಿನಗೋಸ್ಕರ ತಾನೇ ದಿನಾ ಸೀಟು ಹಿಡಿಯೋದು?"

"ನನಗೆ ಸೀಟು ಬೇಕಿರಲಿಲ್ಲ ರೀ. ನೀವು ಬೇಕಿತ್ತು."

ಹೊರಗೆ ಸಮುದ್ರ ಕಾಣಿಸಿತು. ಇಬ್ಬರೂ ಒಂದೇ ಕಿಟಕಿಯಲ್ಲಿ ನೋಡಿದೆವು.

ಮುಂದಿನ ಸ್ಟೇಷನ್ನಿನಲ್ಲಿ ಮುದುಕರು ಇಳಿದರು. ಇವರು ಆ ಸೀಟು ನೋಡಿದರು, ನನ್ನನ್ನು ನೋಡಿದರು. ಕೂತ್ಕೋ ಅನ್ನಲಿಲ್ಲ.