ಅತ್ತೆಯ ಬಲಗಾಲು

ಆ ಮನೆಯವರು ಕಾಲು ಸುಮ್ಮನೆ ಇಟ್ಟುಕೊಂಡು ಕೂತದ್ದನ್ನು ಈ ಭೂಮಿಯ ಮೇಲೆ ಯಾರೂ ಕಂಡಿಲ್ಲ. ತಲೆಮಾರುಗಳಿಂದ ಡ್ರೈವಿಂಗ್ ಸ್ಕೂಲ್ ನಡೆಸಿಕೊಂಡು ಬಂದ ಮನೆ ಅದು. ಸ್ಕೂಲಿನ ಕಾರಿನಲ್ಲಿ ಕಲಿಯುವವರ ಪಕ್ಕದ ಸೀಟಿನವರ ಕಾಲಡಿಯಲ್ಲೂ ಒಂದು ಬ್ರೇಕ್ ಇರುತ್ತದಲ್ಲ, ಆ ಎರಡನೇ ಬ್ರೇಕನ್ನು ಒತ್ತಿ ಒತ್ತಿ ಇಡೀ ಕುಟುಂಬದ ಬಲಗಾಲಿಗೆ ತನ್ನದೇ ಒಂದು ಬುದ್ಧಿ ಬೆಳೆದುಬಿಟ್ಟಿತ್ತು. ಟೀವಿಯ ಖಳನಾಯಕ ಬಾಗಿಲ ಹಿಂದೆ ಅಡಗಿದರೆ ಸಾಕು, ಸೋಫಾದಲ್ಲಿದ್ದ ಅತ್ತೆಯ ಬಲಗಾಲು ನೆಲಕ್ಕೆ ಊರುತ್ತಿತ್ತು. ಹಾಲು ಉಕ್ಕಿದರೆ ಮಾವ ಒಲೆ ಆರಿಸುವ ಮೊದಲು ಬ್ರೇಕ್ ಹಾಕುತ್ತಿದ್ದರು. ಸೋಫಾದ ಮುಂದಿನ ನೆಲ ಎಷ್ಟು ಸವೆದಿತ್ತೆಂದರೆ ಅಲ್ಲಿ ನೀರು ನಿಂತರೆ ಗುಬ್ಬಚ್ಚಿಗಳು ಸ್ನಾನವಲ್ಲ, ಈಜುಸ್ಪರ್ಧೆಯನ್ನೇ ಇಟ್ಟುಕೊಳ್ಳಬಹುದಿತ್ತು.

ಇಂಥ ಮನೆಗೆ ಸೊಸೆಯಾಗಿ ಬಂದವಳನ್ನು ಊರೆಲ್ಲ ಕರೆಯುತ್ತಿದ್ದದ್ದು ಮೇಡಂ ಎಂದು. ಅವಳು ಮೊದಲು ಬಂದದ್ದು ಕಾರು ಕಲಿಯಲು. ಮೊದಲ ದಿನವೇ ಅವಳು ಸಂತೆಯಂತಹ ಜನಜಂಗುಳಿಯ ನಡುವೆ ಒಂದು ಕೋಳಿಗೂ ಗಾಬರಿಯಾಗದಂತೆ ಗಾಡಿ ದಾಟಿಸಿದ್ದನ್ನು ನೋಡಿ ಮಾವನ ಕಣ್ಣು ತುಂಬಿ ಬಂತು. ಲೈಸೆನ್ಸ್ ಕೈಗೆ ಬರುವ ಮೊದಲೇ ಮದುವೆ ಪತ್ರಿಕೆ ಅಚ್ಚಾಗಿ ಬಂತು. ಆಮೇಲೆ ಊರಿಗೆಲ್ಲ ಕಾರು ಕಲಿಸುವವಳು ಅವಳೇ ಆದಳು. ಗಂಡನಿಗೆ ಸಿಗ್ನಲ್ ಎಂದು ಅಡ್ಡಹೆಸರು. ಸ್ಕೂಲಿನಲ್ಲಿ ರಸ್ತೆ ಫಲಕಗಳ ಪಾಠ ಅವನದು. ಮಾತಾಡುವ ಮುಂಚೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಅಮ್ಮನ ಮುಖದಲ್ಲಿ ಹಸಿರು ದೀಪ ಕಂಡರೆ ಮಾತ್ರ ಬಾಯಿ ತೆಗೆಯುವ ಸಜ್ಜನ.

ಸೂಜಿಯ ಕಣ್ಣಲ್ಲಿ ಲಾರಿಯನ್ನು ರಿವರ್ಸ್ ತೆಗೆಯಬಲ್ಲ ಈ ಮೇಡಮ್ಮಿಗೆ ಒಂದೇ ಒಂದು ಕೊರಗು. ಮೂರು ಸಲ ಬಸಿರಾದಳು. ಮೂರು ಸಲವೂ ನಿಲ್ಲಲಿಲ್ಲ.

ಕಾರಣ ಹುಡುಕುವುದರಲ್ಲಿ ಮನೆಯವರು ಪತ್ತೇದಾರರನ್ನು ಮೀರಿಸಿದರು. ಮೊದಲನೆಯದಕ್ಕೆ ಅಂಚೆ ಕಚೇರಿ ಮುಂದಿನ ಹಂಪ್ ಕಾರಣ ಎಂದು ಅತ್ತೆ ತೀರ್ಪು ಕೊಟ್ಟರು. ಮಾವ ಕೊಡೆ ಹಿಡಿದುಕೊಂಡು ಹೋಗಿ ಹಾಡಹಗಲೇ ಆ ಹಂಪಿಗೆ ನಾಲ್ಕು ಬಾರಿಸಿ ಬಂದರು. ಎರಡನೆಯದಕ್ಕೆ ಕ್ಲಚ್. ಎಡಗಾಲಲ್ಲಿ ಅಷ್ಟು ಒತ್ತಿದರೆ ಒಳಗಿದ್ದದ್ದು ಹೇಗೆ ನಿಂತೀತು ಎಂದು ಅತ್ತೆಯ ಅಕ್ಕ ಫೋನಿನಲ್ಲೇ ಕಂಡುಹಿಡಿದರು. ಮೂರನೆಯದಕ್ಕೆ ರಿವರ್ಸ್ ಗೇರ್. ಬಸುರಿ ಹಾಗೆ ಹಿಂದೆ ಹಿಂದೆ ಹೋಗುತ್ತಿದ್ದರೆ ಒಳಗಿನ ಕೂಸಿಗೆ ದಿಕ್ಕು ತಪ್ಪುವುದಿಲ್ಲವೇ?

ಮೇಡಂ ನಗುತ್ತಲೇ ಕೇಳಿಸಿಕೊಂಡಳು. ಆದರೆ ಮೂರನೆಯದರ ಮರುವಾರ, ಶೆಡ್ಡಿನಲ್ಲಿ ನಿಂತ ಕಾರಿನೊಳಗೆ ಒಬ್ಬಳೇ ಕೂತು, ಹನಿ ಮಳೆಯಿಲ್ಲದಿದ್ದರೂ ವೈಪರ್ ಹಾಕಿಕೊಂಡು ಗಾಜನ್ನೇ ನೋಡುತ್ತಿದ್ದಳು. ಆ ಹಂಪನ್ನು ಇನ್ನಷ್ಟು ನಿಧಾನವಾಗಿ ಇಳಿಸಬಹುದಿತ್ತೇ? ಇಡೀ ಊರಿಗೆ ಹಂಪ್ ಇಳಿಸುವುದನ್ನು ಕಲಿಸಿದವಳ ತಲೆಯಲ್ಲಿ ಆ ಒಂದೇ ಪ್ರಶ್ನೆ ಅತ್ತಿಂದಿತ್ತ ಒರೆಸಿಕೊಂಡು ಓಡಾಡುತ್ತಿತ್ತು.

ಅಂದಿನಿಂದ ಅತ್ತೆಯ ಹೊಸ ಕಾನೂನು ಜಾರಿಯಾಯಿತು. ಸೊಸೆ ಹಿಂದಿನ ಸೀಟಿನಲ್ಲಿ ದಿಂಬುಗಳ ನಡುವೆ ಕೂತು ಪಾಠ ಹೇಳಬೇಕು. ಮುಂದೆ ಕಲಿಯುವವರ ಪಕ್ಕ ಅತ್ತೆಯೇ ಕೂತು ಹಂಪ್ ಕಾಯುತ್ತಾರೆ.

"ಹಿಂದಿನ ಸೀಟೇ ಜಾಸ್ತಿ ಕುಲುಕೋದು ಅತ್ತೆ."

"ಅದಕ್ಕೇ ಅಲ್ವಾ ದಿಂಬು ಹಾಕಿರೋದು? ಇನ್ನೊಂದು ಸಲ ಹೀಗಾದ್ರೆ ಸ್ಟಿಯರಿಂಗು ಮುಟ್ಟೋ ಹಾಗೇ ಇಲ್ಲ. ಕೌಂಟರಲ್ಲಿ ಕೂತು ಅರ್ಜಿ ತುಂಬ್ತೀಯ ಅಷ್ಟೇ."

ಸ್ಟಿಯರಿಂಗ್ ಬಿಡುವುದೆಂದರೆ ಮೇಡಮ್ಮಿಗೆ ಎರಡೂ ಕೈ ಬಿಚ್ಚಿಟ್ಟ ಹಾಗೆ. ಮಗುವೂ ಬೇಕು, ಸ್ಟಿಯರಿಂಗೂ ಬೇಕು. ಎರಡರಲ್ಲಿ ಒಂದನ್ನು ಆರಿಸು ಎನ್ನುವವರ ಜೊತೆ ಅವಳು ಹೇಗೆ ವಾದಿಸಲಿ? ಅವರು ಹೇಳುತ್ತಿರುವುದೇ ನಿಜವಾಗಿದ್ದರೆ ಎಂಬ ಹುಳ ಅವಳ ತಲೆಯಲ್ಲೂ ಕೊರೆಯುತ್ತಿತ್ತು.

ಕಾನೂನು ಜಾರಿಯಾದ ಮೇಲೆ ಸ್ಕೂಲಿನ ನಸೀಬೂ ಯಾಕೋ ಕೆಟ್ಟಿತು. ಹೊಸದಾಗಿ ಸೇರಿದ ಒಬ್ಬರಿಗೂ ಏರು ಹತ್ತಲು ಬರಲಿಲ್ಲ. ಬ್ಯಾಂಕಿನವನೊಬ್ಬ ಫೇಲಾದ, ಟೀಚರೊಬ್ಬರು ಫೇಲಾದರು. "ಈಗಿನ ಜನರ ಕೈಕಾಲಲ್ಲಿ ಸತ್ವ ಇಲ್ಲ" ಎಂದು ಮಾವ ಮೀಸೆ ತಿರುವಿದರು. ಅವರೆಲ್ಲರ ಪೈಕಿ ಅತಿ ದಡ್ಡ ಶಿಷ್ಯೆ ಎಂದರೆ ಡಾಕ್ಟರಮ್ಮ. ಹೆಂಗಸರ ಡಾಕ್ಟರು. ಆಪರೇಷನ್ ಕೋಣೆಯಲ್ಲಿ ಕೂದಲೆಳೆಯನ್ನು ಎರಡಾಗಿ ಸೀಳುವ ಕೈ ಅದು. ಕಾರಿನಲ್ಲಿ ಮಾತ್ರ ಅವರು ಸಪಾಟು ರಸ್ತೆಯಲ್ಲೇ ಏದುಸಿರು ಬಿಡುತ್ತಿದ್ದರು.

ಒಂದು ದಿನ ಗಾಡಿ ಎಂದಿನಂತೆ ನಡುರಸ್ತೆಯಲ್ಲಿ ಆಫ್ ಆದಾಗ ಡಾಕ್ಟರಮ್ಮ ಕನ್ನಡಿಯಲ್ಲೇ ಮೇಡಮ್ಮನ್ನು ನೋಡಿದರು. "ಅಲ್ಲಾ ಮೇಡಂ, ಇಷ್ಟೊಂದು ದಿಂಬು ಯಾಕೆ?"

ಮೇಡಂ ಹೇಳಿದಳು. ಮೂರೂ ಹೇಳಿದಳು.

"ಯಾಕೆ ಹೀಗಾಯ್ತು ಅಂತ ಯಾರಾದ್ರೂ ಪರೀಕ್ಷೆ ಮಾಡಿದ್ರಾ?"

"ಪರೀಕ್ಷೆ ಏನು ಬಂತು? ಹಂಪು!" ಎಂದರು ಅತ್ತೆ.

"ಹಂಪಿಂದ ಹೋಗಲ್ಲಮ್ಮ. ಒಳಗೆ ಕೂಸು ನೀರಲ್ಲಿ ತೇಲ್ತಾ ಇರುತ್ತೆ. ನಿಮ್ಮ ಈ ಎಲ್ಲಾ ದಿಂಬು ಸೇರಿದ್ರೂ ಅಷ್ಟು ಮೆತ್ತಗಿರಲ್ಲ. ನಾಳೆನೇ ಬನ್ನಿ ಮೇಡಂ. ನಿಮ್ಮೆಜಮಾನರೂ ಬರಲಿ."

"ಅವನ್ಯಾಕೆ? ಬಸುರಾಗಿದ್ದು ಅವನಾ?"

"ಮಗುವಿಗೆ ಅರ್ಧ ಸಾಮಾನು ಅವರದೇ ಅಲ್ವಾ ಅಮ್ಮಾ?"

ಮರುದಿನ ಸಿಗ್ನಲ್ ಸೂಜಿ ಕಂಡ ಕೂಡಲೇ ಕೆಂಪಾಗಿ, ಹಳದಿಯಾಗಿ, ನರ್ಸಿನ ಮೇಲೆ ಬಿದ್ದ. ಅವನನ್ನು ಎಬ್ಬಿಸಲು ಸುರಿದ ನೀರಿನಲ್ಲಿ ಒಂದು ತೋಟಕ್ಕೆ ನೀರುಣಿಸಬಹುದಿತ್ತು. ಮೇಡಮ್ಮಿಗೆ ರಕ್ತಪರೀಕ್ಷೆ, ಸ್ಕ್ಯಾನು, ಒಳಗಿನ ಚಿತ್ರ ಎಲ್ಲವೂ ಮುಗಿದವು. ವರದಿ ಬಂದ ದಿನ ಇಡೀ ಮನೆ ಡಾಕ್ಟರಮ್ಮನ ಕೋಣೆಯಲ್ಲಿ ಸಾಲಾಗಿ ಕೂತಿತ್ತು.

"ಎಲ್ಲರ ಎದುರೇ ಹೇಳಲಾ ಮೇಡಂ?"

"ಹೇಳಿ ಡಾಕ್ಟ್ರೇ. ಹೊರಗೆ ಕಳಿಸಿದ್ರೂ ಬಾಗಿಲಿಗೆ ಕಿವಿ ಅಂಟಿಸ್ಕೊಂಡೇ ಇರ್ತಾರೆ."

ಡಾಕ್ಟರಮ್ಮ ಉಸಿರೆಳೆದುಕೊಂಡರು. ಎದುರಿನ ಕುರ್ಚಿಗಳಡಿ ಬಲಗಾಲುಗಳೆಲ್ಲ ಒಟ್ಟಿಗೇ ನೆಲಕ್ಕೆ ಊರಿದವು.

"ಥೈರಾಯ್ಡ್ ಸರಿ ಇದೆ. ಸಕ್ಕರೆ ಸರಿ ಇದೆ. ಕೆಲವರ ರಕ್ತ ಬೇಡದ ಕಡೆ ಹೆಪ್ಪುಗಟ್ಟಿ ಬಸಿರು ಹೋಗುತ್ತೆ, ನಿಮಗೆ ಆ ತೊಂದರೆ ಇಲ್ಲ. ಗಂಡ ಹೆಂಡತಿ ಇಬ್ಬರ ವರ್ಣತಂತುಗಳೂ ಚೆನ್ನಾಗಿವೆ. ಸಿಕ್ಕಿದ್ದು ಇಲ್ಲಿ." ಅವರು ಚಿತ್ರವನ್ನು ಬೆಳಕಿಗೆ ಹಿಡಿದರು. "ಹೆಣ್ಣುಕೂಸು ಅಮ್ಮನ ಹೊಟ್ಟೇಲಿರುವಾಗ ಅದರ ಗರ್ಭಕೋಶ ಮೊದಲು ಎರಡು ಕೊಳವೆಯಾಗಿ ಶುರುವಾಗುತ್ತೆ. ಆಮೇಲೆ ಎರಡೂ ಕೂಡ್ಕೊಂಡು ಒಂದೇ ಕೋಣೆ ಆಗುತ್ತೆ, ನಡುವಿನ ಗೋಡೆ ಕರಗಿ ಹೋಗುತ್ತೆ. ನಿಮಗೆ ಗೋಡೆ ಪೂರ್ತಿ ಕರಗಿಲ್ಲ. ಆ ಗೋಡೆಗೆ ರಕ್ತ ಸರಿಯಾಗಿ ಹರಿಯಲ್ಲ. ಕೂಸು ಹೋಗಿ ಅಲ್ಲೇ ಅಂಟಿಕೊಂಡರೆ ಬೇರು ಬಿಡೋಕಾಗಲ್ಲ."

ಮೇಡಂ ತುಂಬ ಹೊತ್ತು ಆ ಚಿತ್ರವನ್ನೇ ನೋಡಿದಳು. "ಅಂದ್ರೆ... ನಾನೇನೂ ಮಾಡ್ಲಿಲ್ಲ?"

"ಹುಟ್ಟಿದ್ದು ಬಿಟ್ರೆ ಇನ್ನೇನೂ ಮಾಡಿಲ್ಲ."

ಆಗ ಮೇಡಮ್ಮಿನ ಎದೆಯಿಂದ ಹೊರಬಂದ ನಿಟ್ಟುಸಿರಿಗೆ ಮೇಜಿನ ಮೇಲಿನ ಕಾಗದಗಳೆಲ್ಲ ಹಾರಿ, ಮಾವನ ಮೀಸೆಯ ಒಂದು ತುದಿ ಅಲ್ಲಾಡಿತು.

"ಹೊಟ್ಟೆ ಕೊಯ್ಯೋದು ಬೇಡ. ಕೆಳಗಿಂದಲೇ ಸಣ್ಣ ದುರ್ಬೀನು ಹಾಕಿ ಆ ಗೋಡೆ ಕತ್ತರಿಸಬಹುದು. ಖಂಡಿತ ಮಗು ನಿಲ್ಲುತ್ತೆ ಅಂತ ನಾನು ಭಾಷೆ ಕೊಡಲ್ಲ. ಎಷ್ಟೋ ಜನಕ್ಕೆ ನಿಂತಿದೆ."

ಸಿಗ್ನಲ್ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಅಮ್ಮನನ್ನು ನೋಡಿದ. ಅಲ್ಲಿ ಕಡುಕೆಂಪು ಉರಿಯುತ್ತಿತ್ತು.

"ಏನಮ್ಮಾ ಇದು," ಅತ್ತೆ ಸೆರಗು ಸರಿಮಾಡಿಕೊಂಡರು. "ಕ್ಲಚ್ಚು ಬ್ರೇಕು ಎಲ್ಲಿದೆ ಅಂತ ಗೊತ್ತಿಲ್ಲದವರಿಗೆ ಗರ್ಭಕೋಶದೊಳಗೆ ಗೋಡೆ ಎಲ್ಲಿದೆ ಅಂತ ಗೊತ್ತಾ? ನನ್ನ ಸೊಸೆ ಮೇಲೆ ಕೈ ಇಡಬೇಕಾದ್ರೆ ಮೊದಲು ನೀವು ಆ ನೀರಿನ ಟ್ಯಾಂಕಿನ ಏರು ಹತ್ತಿ ತೋರಿಸಿ. ಹತ್ತಿದ್ರೆ ನೀವು ಹೇಳಿದ್ದೆಲ್ಲ ಸರಿ. ಹತ್ತದಿದ್ರೆ ಇವಳು ನಾಳೆಯಿಂದ ಕೌಂಟರಿಗೆ."

"ಅತ್ತೆ, ಇದು ಯಾವ ನ್ಯಾಯ?"

ಡಾಕ್ಟರಮ್ಮ ಆಗಲೇ ಬಿಳಿ ಕೋಟು ಕಳಚುತ್ತಿದ್ದರು. ಅವರಿಗೂ ರೋಷ ಬಂದಿತ್ತು.

ನೀರಿನ ಟ್ಯಾಂಕಿನ ಏರು ಎಂದರೆ ಸಾಮಾನ್ಯವಲ್ಲ. ಅಲ್ಲಿ ಮೇಕೆಗಳೂ ಫಸ್ಟ್ ಗೇರಿನಲ್ಲೇ ಹತ್ತುವುದು. ಡಾಕ್ಟರಮ್ಮ ಸ್ಟಿಯರಿಂಗ್ ಹಿಡಿದರು, ಪಕ್ಕದಲ್ಲಿ ಅತ್ತೆ, ಹಿಂದೆ ದಿಂಬುಗಳಲ್ಲಿ ಹೂತುಹೋದ ಮೇಡಂ. ಮಾವನೂ ಸಿಗ್ನಲ್ಲೂ ಏರಿನ ತುದಿಯಲ್ಲಿ ತೀರ್ಪುಗಾರರಾಗಿ ನಿಂತರು.

"ಹಾಫ್ ಕ್ಲಚ್, ಸ್ವಲ್ಪ ಆಕ್ಸಿಲರೇಟರ್, ಈಗ ಹ್ಯಾಂಡ್ ಬ್ರೇಕ್ ಬಿಡಿ," ಮೇಡಂ ಹೇಳಿದಳು.

ಗಾಡಿ ಮುಲುಗಿತು, ನಡುಗಿತು, ಆಫ್ ಆಯಿತು. ಮತ್ತೆ ಹಚ್ಚಿದರು. ಮತ್ತೆ ಆಫ್. ಇಂಜಿನ್ ಹುಲಿಯಂತೆ ಗರ್ಜಿಸಿತು, ಚಕ್ರ ಮಾತ್ರ ಹಠ ಹಿಡಿದು ಕೂತಿತ್ತು. ಸುಟ್ಟ ವಾಸನೆ ಏಳು ಬೀದಿ ದಾಟಿತು. ಡಾಕ್ಟರಮ್ಮನ ಬೆವರಿಗೆ ಸ್ಟಿಯರಿಂಗ್ ಜಾರತೊಡಗಿತು.

"ನೋಡಿದ್ರಾ?" ಎಂದರು ಅತ್ತೆ. ಅವರ ದನಿಯಲ್ಲಿ ಗೆಲುವಿಗಿಂತ ದಿಗಿಲೇ ಹೆಚ್ಚಿತ್ತು. ಎರಡೂ ಕೈಯಲ್ಲಿ ಬಾಗಿಲ ಹಿಡಿಯನ್ನು ಅಪ್ಪಿಕೊಂಡಿದ್ದರು.

ಹಿಂದೆ ನಿಂತಿದ್ದ ಹಾಲಿನ ವ್ಯಾನಿನವನು ತಲೆ ಹೊರಗೆ ಹಾಕಿದ. "ಅಕ್ಕಾ! ಬ್ರೇಕ್ ಲೈಟ್ ಉರೀತಾ ಇದೆ ಕಣಕ್ಕಾ! ಬ್ರೇಕ್ ಒತ್ಕೊಂಡು ಏರು ಹತ್ತೋಕಾಗುತ್ತಾ?"

ಮೇಡಮ್ಮಿನ ಕಿವಿ ನಿಮಿರಿತು. ಅವಳು ದಿಂಬುಗಳನ್ನು ತಳ್ಳಿ ಮುಂದೆ ಬಾಗಿ ಡಾಕ್ಟರಮ್ಮನ ಕಾಲು ನೋಡಿದಳು. ಒಂದು ಕ್ಲಚ್ಚಿನ ಮೇಲೆ, ಇನ್ನೊಂದು ಆಕ್ಸಿಲರೇಟರ್ ಮೇಲೆ. ಡಾಕ್ಟರಮ್ಮ ಎಷ್ಟೇ ಓದಿದ್ದರೂ ಅವರಿಗಿದ್ದದ್ದು ಎರಡೇ ಕಾಲು. ಹಾಗಾದರೆ ಬ್ರೇಕ್ ಒತ್ತಿದವರು ಯಾರು? ಅವಳು ಅತ್ತೆಯ ಸೀಟಿನ ಮೇಲಿಂದ ಬಗ್ಗಿದಳು.

ಅಲ್ಲಿತ್ತು. ಚಪ್ಪಲಿ ಸಮೇತ, ಬೆರಳು ಬಿಳುಚಿಕೊಳ್ಳುವಷ್ಟು ಬಿಗಿಯಾಗಿ, ಎರಡನೇ ಬ್ರೇಕಿನ ಮೇಲೆ.

"ಅತ್ತೇ! ನಿಮ್ಮ ಕಾಲು!"

"ಯಾವ ಕಾಲು? ನಾನೆಲ್ಲಿ ಒತ್ತಿದ್ದೀನಿ?" ಎನ್ನುತ್ತ ಅತ್ತೆ ಇನ್ನಷ್ಟು ಒತ್ತಿದರು.

"ಒತ್ತಿದ್ದೀರ ಅತ್ತೆ. ಕೆಳಗೆ ನೋಡ್ಕೊಳ್ಳಿ."

ಅತ್ತೆ ನೋಡಿಕೊಂಡರು. ತಮ್ಮ ಕಾಲನ್ನು ಯಾರೋ ಪರಿಚಯವಿಲ್ಲದವರ ಕಾಲೆಂಬಂತೆ ದಿಟ್ಟಿಸಿದರು. "ಬಿಡು ಅಂದ್ರೂ ಬಿಡ್ತಿಲ್ಲ ಕಣೇ ಇದು!" ಕೊನೆಗೆ ಎರಡೂ ಕೈಯಿಂದ ಮೊಣಕಾಲು ಹಿಡಿದೆತ್ತಿ, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

ಕಾರು ಹಾರಿತು. ಅದು ಹತ್ತಿದ ರಭಸಕ್ಕೆ ತೀರ್ಪುಗಾರರಿಬ್ಬರೂ ತಲಾ ಒಂದು ಚರಂಡಿ ಸೇರಿದರು. ಟ್ಯಾಂಕನ್ನೂ ದಾಟಿ ಇನ್ನೂ ಮೇಲೆ ರಸ್ತೆ ಇದ್ದಿದ್ದರೆ ಆ ದಿನ ಡಾಕ್ಟರಮ್ಮ ಮೋಡಗಳ ನಡುವೆ ಪಾರ್ಕಿಂಗ್ ಹುಡುಕಬೇಕಾಗುತ್ತಿತ್ತು.

ಮೇಲೆ ಗಾಡಿ ನಿಂತಿತು. ಅತ್ತೆಯೇ ಮೆಲ್ಲಗೆ ಬಾಯಿ ತೆರೆದರು.

"ಹಾಗಾದ್ರೆ ಆ ಬ್ಯಾಂಕಿನವನು ಫೇಲಾಗಿದ್ದು?"

"ಅದೂ ಹೀಗೇ ಇರಬೇಕು ಅತ್ತೆ."

"ಆ ಟೀಚರು?"

"ಅವರೂ."

"ಪಾಪ, ಕೈಯಲ್ಲಿ ಸತ್ವ ಇಲ್ಲ ಅಂತ ಬೈದು ಕಳಿಸಿದ್ವಿ." ಅತ್ತೆ ಗಾಜಿನಾಚೆ ನೋಡುತ್ತ ಕೂತರು. "ನಿಂಗೂ ಏನೇನೋ ಅಂದಿದ್ದೀನಿ."

ಮೇಡಂ ಒಂದು ದಿಂಬನ್ನು ಎದೆಗೊತ್ತಿಕೊಂಡಳು.

ಡಾಕ್ಟರಮ್ಮ ಮುಖ ಒರೆಸಿಕೊಂಡರು. "ಇಷ್ಟು ದಿನ ನಾನೇ ದಡ್ಡಿ ಅಂದ್ಕೊಂಡು ನಿದ್ದೆಗೆಟ್ಟಿದ್ದೆ ಅಮ್ಮಾ. ಕಾಣದ ಜಾಗದಲ್ಲಿ ತಡೆ ಇದ್ರೆ ಓಡಿಸೋರು ಏನು ಮಾಡೋಕಾಗುತ್ತೆ?"

ಅತ್ತೆ ಸರ್ರನೆ ಅವರ ಕಡೆ ತಿರುಗಿದರು. "ಆ ಗೋಡೆ ಯಾವಾಗ ತೆಗೀತೀರಿ?"

ಆಪರೇಷನ್ ದಿನ ಆಸ್ಪತ್ರೆಯ ಮೊಗಸಾಲೆಯಲ್ಲಿ ಅತ್ತೆ ಕುರ್ಚಿಯ ಮೇಲೆ ಎರಡೂ ಕಾಲು ಮಡಚಿಟ್ಟು ಕೂತಿದ್ದರು. ಚರಂಡಿಯಿಂದ ಎದ್ದುಬಂದ ಮಾವನಿಗೂ ಮಗನಿಗೂ ಅದೇ ಅಪ್ಪಣೆ. ಸಾಲಾಗಿ ಮೂರು ಜನ, ನೆಲದ ಮೇಲೆ ಒಂದೂ ಕಾಲಿಲ್ಲ.

"ಕಾಲು ಕೆಳಗಿಡಿ ಅಜ್ಜಿ, ಕುರ್ಚಿ ಗಲೀಜಾಗುತ್ತೆ," ಎಂದಳು ನರ್ಸು.

"ಜಗತ್ತು ಮುಳುಗಿದ್ರೂ ಇಡಲ್ಲ."

ಕಾಲು ಇಳಿಸಲು ಬಂದ ಮೇಲ್ವಿಚಾರಕನೂ ಸೋತು ಹೋದ.

ಒಂದಷ್ಟು ಕಾಲದ ನಂತರ ಮೇಡಂ ಮತ್ತೆ ಬಸುರಿಯಾದಳು. ಎರಡನೇ ಬ್ರೇಕಿನ ಸೀಟು ಮತ್ತೆ ಅವಳದಾಗಿತ್ತು. ದಿಂಬುಗಳೆಲ್ಲ ಮನೆಗೆ ಮರಳಿದ್ದವು. ಹಿಂದಿನ ಮೂರೂ ಹೋದ ದಿನಗಳನ್ನು ದಾಟುವಾಗ ಅವಳು ಉಸಿರು ಬಿಗಿಹಿಡಿದೇ ದಾಟಿದಳು, ಆ ಹಂಪನ್ನೂ ಎಂದಿನ ವೇಗದಲ್ಲೇ ದಾಟಿದಳು. ಡಾಕ್ಟರಮ್ಮ ತಮ್ಮ ಲೈಸೆನ್ಸನ್ನು ಡಿಗ್ರಿಗಿಂತ ದೊಡ್ಡ ಚೌಕಟ್ಟಿನಲ್ಲಿ ಗೋಡೆಗೆ ತೂಗುಹಾಕಿದ್ದರು. ಅದರ ಕೆಳಗೇ ಆ ದಿನ ಸ್ಕ್ಯಾನಿನ ಪರದೆ ಬೆಳಗಿತು.

ಬೂದು ಮಬ್ಬಿನ ನಡುವೆ ಒಂದು ಪುಟ್ಟ ಕಾಲು ಮಡಚಿತು, ನೆಟ್ಟಗಾಯಿತು, ಒತ್ತಿತು. ಮತ್ತೆ ಒತ್ತಿತು.

"ಯಾವ ಕಾಲು ಅದು?" ಮಾವ ಪರದೆಗೆ ಮೂಗು ತಾಗಿಸಿ ಕೇಳಿದರು.

"ಬಲಗಾಲು," ಎಂದರು ಡಾಕ್ಟರಮ್ಮ.

"ಅಯ್ಯೋ ನಮ್ಮ ರಕ್ತ!" ಕುರ್ಚಿಯ ಮೇಲೆ ಕಾಲು ಮಡಚಿ ಕೂತಿದ್ದ ಅತ್ತೆ ಪರದೆಗೆ ಬೆರಳು ತೋರಿಸಿ ಗದರಿದರು. "ಏಯ್! ಬಿಡೋ ಬ್ರೇಕು! ಬಿಡು ಅಂದ್ರೆ!"

ಮಲಗಿದ್ದ ಮೇಡಂ ಅತ್ತೆಯ ಕೈ ಹಿಡಿದುಕೊಂಡಳು. ಅವಳ ಕಣ್ಣಂಚಿನಿಂದ ನೀರು ಕಿವಿಗೆ ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು.

"ಒತ್ತಲಿ ಬಿಡಿ ಅತ್ತೆ," ಎಂದಳು. "ಈಗ ಒಳಗೆ ಜಾಗ ಇದೆ."